ರೊಟ್ಟಿಯ ಅವ್ವ ಕಲಿಸಿದ ಪಾಠ

ಕನ್ನಡದಲ್ಲಿ ನಾವು ಚಿತ್ರವನ್ನು ಬರೆಯುತ್ತೇವೆ, ಮೂರ್ತಿಯನ್ನು ಕೆತ್ತುತ್ತೇವೆ, ಆದರೆ ಛಾಯಾಚಿತ್ರವನ್ನು ಮಾತ್ರ 'ತೆಗೆಯುತ್ತೇವೆ'. ತೆಗೆಯುವುದೆಂದರೆ ಒಬ್ಬರ ಬಳಿ ಇದ್ದುದನ್ನು ಎತ್ತಿಕೊಳ್ಳುವುದು ಎಂಬ ಅರ್ಥವೂ ಉಂಟು. ಯಾರಿಂದ ತೆಗೆದೆವು, ತೆಗೆದುದನ್ನು ಮರಳಿ ಯಾರಿಗೆ ಕೊಟ್ಟೆವು ಎಂಬ ಪ್ರಶ್ನೆ ಕ್ಯಾಮರಾ ಹಿಡಿದ ಮೊದಲ ಹತ್ತು ವರ್ಷ ನನಗೆ ಹೊಳೆದಿರಲೇ ಇಲ್ಲ. ಅದನ್ನು ಹೊಳೆಯಿಸಿದವಳು ಬನಶಂಕರಿಯ ಗುಡಿಯ ಮುಂದೆ ರೊಟ್ಟಿ ಮಾರುತ್ತಿದ್ದ ಒಬ್ಬ ವೃದ್ಧೆ. ನನ್ನ ಹವ್ಯಾಸಕ್ಕೆ ಒಂದು ಶೈಲಿ ಎಂಬುದೇನಾದರೂ ಇದ್ದರೆ ಅದು ಆ ತಾಯಿಯ ಒಂದು ಮಾತಿನಿಂದ ಮೂಡಿದುದು. ಓದುಗ ಬಂಧುಗಳೊಡನೆ ಆ ಪ್ರಸಂಗವನ್ನು ಹಂಚಿಕೊಳ್ಳಬೇಕೆಂಬ ಬಯಕೆಯಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಕ್ಯಾಮರಾ ಬಂದದ್ದು ಕಾಕಾನವರ ಮೂಲಕ. ಅದು 'ಆಗ್ಫಾ ಕ್ಲಿಕ್ 3' ಎಂಬ ಕಪ್ಪು ಡಬ್ಬಿ. ಒಂದು ಸುರುಳಿ ಹಾಕಿದರೆ ಹನ್ನೆರಡು ಚಿತ್ರ, ಅಷ್ಟೆ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು ಬಿಟ್ಟರೆ ಹೆಚ್ಚಿನ ಕೀಲುಗಳು ಅದರಲ್ಲಿರಲಿಲ್ಲ. ಒಂದು ಚಿತ್ರ ಕೆಟ್ಟರೆ ಅಪ್ಪನ ಗಳಿಕೆಯ ಇಷ್ಟು ಪಾಲು ಹಾಳಾಯಿತೆಂದು ಲೆಕ್ಕ ಹಾಕುವ ಮನೆತನ ನಮ್ಮದು. ಆದ್ದರಿಂದ ಗುಂಡಿ ಒತ್ತುವ ಮುನ್ನ ನೂರು ಸಲ ಯೋಚಿಸುವ ಅಭ್ಯಾಸ ತಾನಾಗಿಯೇ ಬಂದಿತು. ಬಡತನ ಕಲಿಸಿದ ಆ ಸಂಯಮ ಮುಂದೆ ಎಷ್ಟೋ ದೊಡ್ಡ ಯಂತ್ರಗಳು ಕಲಿಸಲಾರದ ವಿದ್ಯೆಯಾಯಿತು.

ಬಾಗಲಕೋಟೆಯ ಒಂದು ಸಹಕಾರಿ ಸಂಸ್ಥೆಯಲ್ಲಿ ನೌಕರಿ ದೊರೆತ ಮೇಲೆ ಸಂಬಳದಲ್ಲಿ ಉಳಿಸಿ, ಬೇರೊಬ್ಬರು ಬಳಸಿದ್ದ 'ಜೆನಿಟ್' ಎಂಬ ರಷ್ಯಾ ದೇಶದ ಕ್ಯಾಮರಾ ಕೊಂಡೆ. ಕಲ್ಲಿನಷ್ಟು ಭಾರ, ಕಲ್ಲಿನಷ್ಟೇ ಗಟ್ಟಿ. ಅದರೊಡನೆ 58 ಮಿಲಿಮೀಟರಿನ ಮಸೂರ ಬಂದಿತ್ತು. ನನ್ನಂತೆಯೇ ಹುಚ್ಚು ಹತ್ತಿದ ಗೆಳೆಯರು ಇಬ್ಬರಿದ್ದರು. ಒಬ್ಬರು ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರು, ಇನ್ನೊಬ್ಬರು ಔಷಧದ ಅಂಗಡಿಯವರು. ಭಾನುವಾರ ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಮೂವರೂ ಮೀಟರ್ ಗೇಜಿನ ರೈಲು ಹಿಡಿಯುತ್ತಿದ್ದೆವು. ಬಾದಾಮಿ ನಿಲ್ದಾಣದಲ್ಲಿಳಿದರೆ ಊರಿನವರೆಗೆ ಟಾಂಗಾ. ಅಲ್ಲಿಂದ ಒಂದೊಂದು ವಾರ ಒಂದೊಂದು ದಿಕ್ಕು.

ಇಂತಹ ಸಂಚಾರದಿಂದ ನಮಗೆ ದೊರೆತ ಮೊದಲ ಲಾಭವೆಂದರೆ ಬೆಳಕಿನ ಪರಿಚಯ. ಬಾದಾಮಿಯ ಅಗಸ್ತ್ಯತೀರ್ಥದ ಪೂರ್ವದ ದಂಡೆಯಲ್ಲಿ ಭೂತನಾಥನ ಗುಡಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದೆ. ಬೆಳಗ್ಗೆ ಅದರ ಚಿತ್ರ ತೆಗೆದರೆ ಬಂಡೆಯ ನೆರಳಿನಲ್ಲಿ ಎಲ್ಲವೂ ಮಂಕು. ಅದೇ ಸಂಜೆ ಇಳಿಬಿಸಿಲು ನೀರಿನ ಮೇಲಿನಿಂದ ಹಾಯ್ದು ಬಂದಾಗ ಆ ಕೆಂಪು ಮರಳುಗಲ್ಲು ಒಲೆಯ ಕೆಂಡದಂತೆ ಹೊಳೆಯುತ್ತದೆ. ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ್ದು ಪೂರ್ವಾಭಿಮುಖ. ಅದಕ್ಕೆ ಮುಂಜಾವಿನ ಬೆಳಕೇ ಬೇಕು. ಒಂದೇ ದಿನದಲ್ಲಿ ಎರಡನ್ನೂ ಮುಗಿಸುವೆನೆಂದು ಹೊರಟವನಿಗೆ ಎರಡೂ ದಕ್ಕವು. ಸೂರ್ಯನು ನಮ್ಮ ರೈಲಿನ ವೇಳಾಪಟ್ಟಿಯನ್ನು ನೋಡಿ ಉದಯಿಸುವುದಿಲ್ಲ ಎಂಬುದನ್ನು ತಿಳಿಯಲು ನಮಗೆ ಎರಡು ವರ್ಷ ಬೇಕಾಯಿತು.

ಫಿಲ್ಮು ತೊಳೆಯುವ ಕೆಲಸ ಮನೆಯಲ್ಲಿಯೇ ನಡೆಯುತ್ತಿತ್ತು. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಎಂಬ ಕಪ್ಪು-ಬಿಳುಪು ಸುರುಳಿಗಳನ್ನು ನಾವು ಬಳಸುತ್ತಿದ್ದೆವು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ರಾತ್ರಿ ಊಟವಾದ ಮೇಲೆ ಬಚ್ಚಲುಮನೆಯೇ ನನ್ನ ಕತ್ತಲೆ ಕೋಣೆ. ಕಿಟಕಿಗೆ ಕಂಬಳಿ, ಮೇಲೊಂದು ಕೆಂಪು ದೀಪ, ನೆಲದ ಮೇಲೆ ಮೂರು ತಟ್ಟೆ. ಫಿಲ್ಮು ತೊಳೆಯುವ ದ್ರಾವಣದ ಉಷ್ಣತೆ 20 ಡಿಗ್ರಿಯ ಆಸುಪಾಸಿನಲ್ಲಿರಬೇಕೆಂದು ಪುಸ್ತಕ ಹೇಳುತ್ತಿತ್ತು. ನಮ್ಮ ಕಡೆಯ ಬೇಸಿಗೆಯಲ್ಲಿ ನಲ್ಲಿಯ ನೀರೇ ಕೈ ಸುಡುವಂತಿರುವಾಗ ಇಪ್ಪತ್ತು ಡಿಗ್ರಿ ಎಲ್ಲಿಂದ ಬರಬೇಕು? ಅವ್ವ ಕುಡಿಯಲು ತುಂಬಿಸಿಟ್ಟ ಹರವಿಯ ತಣ್ಣೀರನ್ನು ಕದ್ದು ಒಯ್ಯುತ್ತಿದ್ದೆ. ಬೆಳಗ್ಗೆ ಬರಿದಾದ ಹರವಿಯನ್ನು ನೋಡಿ ಅವ್ವ, "ನಿನ್ನ ಫೋಟೋಕ್ಕೂ ನೀರಡಿಕಿ ಆಗತೈತೇನಪಾ?" ಎಂದು ಕೇಳುತ್ತಿದ್ದಳು.

ಇಷ್ಟೆಲ್ಲ ಕಷ್ಟಪಟ್ಟು ಮಾಡಿದ ಚಿತ್ರಗಳು ಹೇಗಿದ್ದವು? ಈಗ ಆ ಹಳೆಯ ಪಟಗಳನ್ನು ಹರವಿಕೊಂಡು ನೋಡಿದರೆ ನಗು ಬರುತ್ತದೆ. ಯಾವ ಪತ್ರಿಕೆಯಲ್ಲಿ ಯಾರ ಚಿತ್ರ ಮೆಚ್ಚಿಗೆಯಾಯಿತೋ ಆ ತಿಂಗಳ ನನ್ನ ಚಿತ್ರಗಳೆಲ್ಲ ಅವರ ಅಣಕಗಳು. ಮೈಸೂರಿನ ಟಿ. ಎಸ್. ಸತ್ಯನ್ ಅವರ ಚಿತ್ರಗಳನ್ನು ಕಂಡಾಗ ಮಕ್ಕಳ ಬೆನ್ನು ಹತ್ತಿದೆ. ಫ್ರಾನ್ಸಿನ ಕಾರ್ತಿಯೆ ಬ್ರೆಸ್ಸೋನ್ ಅವರ ವಿಷಯ ಓದಿದಾಗ ಓಡುವ ಸೈಕಲ್ಲು, ಜಿಗಿಯುವ ಮನುಷ್ಯನಿಗಾಗಿ ಅಗಸೆಬಾಗಿಲಿನಲ್ಲಿ ಗಂಟೆಗಟ್ಟಲೆ ಕಾದೆ. ಬಳಿಕ ಗುಡಿಗಳ ಹುಚ್ಚು. ಕರ್ನಲ್ ಬಿಗ್ಸ್ ಎಂಬ ಅಧಿಕಾರಿ 1855ರಷ್ಟು ಹಿಂದೆಯೇ ಐಹೊಳೆ, ಬಾದಾಮಿಗಳ ಛಾಯಾಚಿತ್ರ ತೆಗೆದಿದ್ದನೆಂದು ತಿಳಿದ ದಿನ ಆ ಹುಚ್ಚೂ ತುಸು ಇಳಿಯಿತು. ಅಂದಿನ ಆ ಹೊರಲಾರದ ಸಲಕರಣೆಯೊಡನೆ ಆತ ಮಾಡಿಟ್ಟುದನ್ನು ನಾನು ನೂರಮೂವತ್ತು ವರ್ಷಗಳ ತರುವಾಯ ಅಲ್ಲಿಯೇ ನಿಂತು ಮತ್ತೆ ಮಾಡುತ್ತಿದ್ದೆ. ಹಾಗಾದರೆ ನನ್ನದೆಂಬುದು ಯಾವುದು?

ಈ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ 135 ಮಿಲಿಮೀಟರಿನ ಒಂದು ಉದ್ದ ಮಸೂರ! ದೂರದಲ್ಲಿ ನಿಂತು, ಎದುರಿನವರಿಗೆ ಅರಿವಿಲ್ಲದಂತೆ, ದೇಹದ ಒಂದು ಭಾಗವನ್ನಷ್ಟೇ ಸೆಳೆದುಕೊಳ್ಳುವುದು: ಕಾಲುಂಗುರದ ಪಾದ, ರುಮಾಲಿನ ಸುತ್ತು, ನೊಗ ಹಿಡಿದ ಮುಷ್ಟಿ. ಹಿನ್ನೆಲೆಯನ್ನು ಕಪ್ಪಾಗಿಸಿ ಇಂತಹ ಬಿಡಿಭಾಗಗಳನ್ನು ತೋರಿಸಿದರೆ ಗೆಳೆಯರು 'ಕಲಾತ್ಮಕ' ಎನ್ನುತ್ತಿದ್ದರು. ನನಗೂ ಒಂದು ಶೈಲಿ ಸಿದ್ಧಿಸಿತೆಂಬ ಬೀಗು ತಲೆಗೇರಿತು.

1989ರ ಬನದ ಹುಣ್ಣಿಮೆಯ ಜಾತ್ರೆ. ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ಜನವೋ ಜನ. ಆ ಕ್ಷೇತ್ರಕ್ಕೆ ಹೋದವರು ಅಲ್ಲಿ ರೊಟ್ಟಿ ಉಣ್ಣದೆ ಮರಳುವುದಿಲ್ಲವಷ್ಟೆ. ಸುತ್ತಲಿನ ಹಳ್ಳಿಗಳ ತಾಯಂದಿರು ಜೋಳದ ರೊಟ್ಟಿ, ಕಾಳಿನ ಪಲ್ಯ, ಕೆಂಪು ಚಟ್ನಿ, ಗಡಿಗೆ ಮೊಸರು ಹೊತ್ತು ತಂದು ಗಿಡದ ನೆರಳಿನಲ್ಲಿ ಕುಳಿತಿರುತ್ತಾರೆ. ಅವರಲ್ಲೊಬ್ಬ ವೃದ್ಧೆಯ ಕೈಗಳು ನನ್ನ ಕಣ್ಣಿಗೆ ಬಿದ್ದವು. ಸುಕ್ಕುಗಟ್ಟಿದ ಬೆರಳುಗಳ ನಡುವೆ ಹಿಡಿದ ರೊಟ್ಟಿಯ ಅಂಚಿನ ಮೇಲೆ ಎಲೆಗಳ ಸಂದಿನಿಂದ ಬಿಸಿಲಿನ ಒಂದು ಗೆರೆ ಬಿದ್ದಿತ್ತು. ಹತ್ತು ಹನ್ನೆರಡು ಅಡಿ ದೂರದಿಂದ ಎರಡು ಚಿತ್ರ ತೆಗೆದೆ. ಅಷ್ಟರಲ್ಲಿ ಆಕೆ ನೋಡಿಬಿಟ್ಟಳು. "ನನ್ನ ಫೋಟೋ ತಗದೇನೋ ಯಪ್ಪಾ? ನನಗೊಂದು ಕೊಡ್ತಿಯೇನು?" ಎಂದು ಕೇಳಿದಳು. "ಕೊಡ್ತೀನಿ ಯವ್ವಾ" ಎಂದೆ. ಜಾತ್ರೆಯಲ್ಲಿ ಆಡಿದ ಮಾತು ಜಾತ್ರೆಯಲ್ಲಿಯೇ ಉಳಿಯುವುದು ವಾಡಿಕೆ. ನಾನೂ ಮರೆತೆ.

ಆ ಚಿತ್ರಕ್ಕೆ ಒಂದು ಸ್ಪರ್ಧೆಯಲ್ಲಿ ಬಹುಮಾನ ಬಂದಿತು. ಪ್ರಶಸ್ತಿಪತ್ರದ ಜೊತೆಗೆ ಸ್ವಲ್ಪ ಹಣವೂ ಬಂದಾಗ ಮನೆಯಲ್ಲಿ ಅಪ್ಪ ಕೇಳಿದ ಮೊದಲ ಮಾತು, "ಇದರಾಗ ರೊಟ್ಟಿ ಮಾರೋ ಆಕಿ ಪಾಲು ಎಷ್ಟು?" ಅಪ್ಪ ಹೆಚ್ಚು ಓದಿದವರಲ್ಲ. ದಿನವೂ ಲಿಂಗಪೂಜೆ ಮುಗಿಸಿ ಅಂಗಡಿಯ ಕಟ್ಟೆಯ ಮೇಲೆ ಕುಳಿತುಕೊಳ್ಳುವ ಮುನ್ನ, ಗಳಿಸಿದುದರಲ್ಲಿ ಜಂಗಮಕ್ಕೆ, ದಾಸೋಹಕ್ಕೆ ಎಷ್ಟು ಸಲ್ಲಬೇಕೆಂದು ಬೇರೆ ಎತ್ತಿಡುವವರು. ಕಾಯಕವೆಂದರೆ ದುಡಿಮೆಯಷ್ಟೇ ಅಲ್ಲ, ದುಡಿದುದು ಸಮಾಜಕ್ಕೆ ಮರಳಬೇಕು, ದಾಸೋಹವಿಲ್ಲದ ಕಾಯಕ ಅರ್ಧ ಕಾಯಕ ಎಂಬ ಶರಣರ ತತ್ವವನ್ನು ಅವರು ಬಾಯಿಂದ ಹೇಳಿದವರಲ್ಲ, ಬಾಳಿದವರು. ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮುಂದಿನ ಭಾನುವಾರವೇ ದೊಡ್ಡದೊಂದು ಪ್ರತಿ ಮಾಡಿಕೊಂಡು ಬನಶಂಕರಿಗೆ ಹೋದೆ. ಜಾತ್ರೆಯಿಲ್ಲದ ದಿನವಾದ್ದರಿಂದ ಆಕೆಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಲಕೋಟೆಯಿಂದ ಚಿತ್ರ ತೆಗೆದು ಅಭಿಮಾನದಿಂದ ಆಕೆಯ ಕೈಗಿತ್ತೆ. ಆ ತಾಯಿ ಅದನ್ನು ಹಿಂದೆ ಮುಂದೆ ತಿರುಗಿಸಿದಳು, ಸೆರಗಿನಿಂದ ಒರೆಸಿದಳು, ಬಿಸಿಲಿಗೆ ಹಿಡಿದಳು.

"ನನ್ನ ಮಾರಿ ಎಲ್ಲೈತೋ ಯಪ್ಪಾ ಇದರಾಗ?"

ಅದು ಕೈಗಳ ಚಿತ್ರ, ಬಹುಮಾನ ಬಂದಿದೆ ಎಂದು ವಿವರಿಸಿದೆ. ಆಕೆಗೆ ಸಿಟ್ಟು ಬರಲಿಲ್ಲ, ಸೋಜಿಗವಾಯಿತು. "ಕೈ ಎಲ್ಲಾರಿಗೂ ಇರ್ತಾವಲ್ಲೋ. ಇದು ನಾನು ಅಂತ ಮನ್ಯಾಗ ಯಾರಿಗೆ ತೋರಸಲಿ? ನಾ ಹ್ವಾದ ಮ್ಯಾಲೆ ಮೊಮ್ಮಕ್ಕಳು ನಮ್ಮ ಅಮ್ಮ ಹೆಂಗಿದ್ಲು ಅಂತ ಕೇಳಿದ್ರ ಇದನ್ನ ತೋರಸಾಕ ಆಕ್ಕೈತೇನು? ನೀನ ಇಟ್ಕೋ ಇದನ್ನ" ಎಂದು ಚಿತ್ರವನ್ನು ನನ್ನ ಕೈಗೇ ಮರಳಿಸಿ, ಬಂದವನು ಹಸಿದಿರಬೇಕೆಂದು ಎರಡು ರೊಟ್ಟಿ ಹಚ್ಚಿಕೊಟ್ಟಳು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಆ ರೊಟ್ಟಿ ನನ್ನ ಗಂಟಲಿನಲ್ಲಿ ಇಳಿಯಲು ಹೊತ್ತು ಹಿಡಿಯಿತು. ಆಕೆಯ ಬದುಕಿನಲ್ಲಿ ಒಂದೇ ಒಂದು ಛಾಯಾಚಿತ್ರವಿರಲಿಲ್ಲ. ಆಕೆಯ ಎದುರಿಗೆ ಕ್ಯಾಮರಾ ಹಿಡಿದ ಮೊದಲ ಮನುಷ್ಯ ನಾನು. ಹಾಗಿದ್ದೂ ಆಕೆಗೆ ಬೇಕಾದುದನ್ನು ಹೊರಗೆ ಬಿಟ್ಟು, ನನಗೆ ಬೇಕಾದುದನ್ನು ಮಾತ್ರ ಕತ್ತರಿಸಿಕೊಂಡು ಬಂದಿದ್ದೆ.

"ಹಂಗಾರ ಈಗ ಒಂದು ಚೊಲೋ ಫೋಟೋ ತಗಿತೀನಿ ಯವ್ವಾ" ಎಂದೆ. ಇಂದು ಬೇಡ, ಮುಂದಿನ ವಾರ ಬಾ ಎಂದಳು. ಮುಂದಿನ ವಾರ ಆಕೆ ಇಳಕಲ್ಲ ಸೀರೆಯುಟ್ಟು, ಹಣೆಗೆ ವಿಭೂತಿ ಧರಿಸಿ, ತಲೆತುಂಬ ಸೆರಗು ಹೊದ್ದು, ನಾಲ್ಕೈದು ವರ್ಷದ ಮೊಮ್ಮಗಳನ್ನು ಜೊತೆಯಲ್ಲಿ ಕರೆತಂದಿದ್ದಳು. ನೇರ ನಿಂತು ಕ್ಯಾಮರಾವನ್ನು ದಿಟ್ಟಿಸಿ ನೋಡುವ ಇಂತಹ ಚಿತ್ರಗಳನ್ನು 'ಸ್ಟುಡಿಯೋದ ಚಿತ್ರ' ಎಂದು ನಾವು ಮೂವರು ಗೆಳೆಯರು ಹೀಯಾಳಿಸುತ್ತಿದ್ದೆವು. ಅಂದು ಅದೇ ಚಿತ್ರ ತೆಗೆಯಲು ನನಗೆ ಎಲ್ಲ ವಿದ್ಯೆಯೂ ಬೇಕಾಯಿತು. ನಡುಹಗಲಿನ ಬಿಸಿಲಿನಲ್ಲಿ ಸೆರಗಿನ ನೆರಳು ಬಿದ್ದು ಕಣ್ಣುಗಳೇ ಕಾಣುತ್ತಿರಲಿಲ್ಲ. ಫ್ಲ್ಯಾಶ್ ಬಳಸಿದರೆ ಹಣೆಯ ವಿಭೂತಿ ಬಿಳಿಯ ಪಟ್ಟಿಯಾಗಿ ಮುಖವೆಲ್ಲ ಸಪ್ಪೆ. ಕೊನೆಗೆ ಗುಡಿಯ ಮುಂದಿನ ಹೊಂಡದ ಕಂಬಸಾಲಿನೊಳಗೆ ನಿಲ್ಲಿಸಿದೆ. ಅಲ್ಲಿ ನೇರ ಬಿಸಿಲಿಲ್ಲ, ನೆಲದಿಂದ ಮತ್ತು ನೀರಿನಿಂದ ಪುಟಿದ ಮೆತ್ತನೆಯ ಬೆಳಕು. ಮೊಮ್ಮಗಳ ಕೈಯಲ್ಲಿ ಒಂದು ರೊಟ್ಟಿಯಿತ್ತು. ಬೆಳಕಿನ ಮಾಪಕವು ಬಿಳಿಯ ರೊಟ್ಟಿಯನ್ನೂ ಬೂದು ಬಣ್ಣದ್ದೆಂದೇ ಎಣಿಸುವ ಯಂತ್ರ. ಅದರ ಮಾತು ಕೇಳಿದರೆ ರೊಟ್ಟಿ ಬೂದಿಯಾಗಿ, ಮುಖ ಕಪ್ಪಾಗಿ ಬರುತ್ತದೆ. ಆದ್ದರಿಂದ ನನ್ನ ಕೈಯ ಮೇಲಿನ ಬೆಳಕನ್ನು ಅಳೆದು ಲೆಕ್ಕ ಹಾಕಿದೆ. ಉದ್ದ ಮಸೂರವನ್ನು ಚೀಲದಲ್ಲಿಯೇ ಬಿಟ್ಟು 58ರ ಮಸೂರ ಹಾಕಿ ನಾಲ್ಕು ಹೆಜ್ಜೆ ಹತ್ತಿರ ಹೋದೆ. ಆ ತಾಯಿ ನಗಲಿಲ್ಲ. ತನ್ನ ಮನೆತನದ ಮುಂದೆ ನಿಂತಂತೆ ಗಂಭೀರವಾಗಿ ನಿಂತಳು. ಹತ್ತು ವರ್ಷಗಳಲ್ಲಿ ನಾನು ತೆಗೆದ ಮೊದಲ ನಿಜವಾದ ಮುಖಚಿತ್ರವದು.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ: ಯಾರ ಚಿತ್ರ ತೆಗೆಯುವೆನೋ ಅವರಿಗೆ ಒಂದು ಪ್ರತಿ ಮುಟ್ಟಿಸತಕ್ಕದ್ದು. ಇದು ದೊಡ್ಡ ತ್ಯಾಗವೇನಲ್ಲ. ಆದರೆ ಈ ಸಣ್ಣ ನಿಯಮ ನನ್ನ ಹವ್ಯಾಸದ ದಿಕ್ಕನ್ನೇ ತಿರುಗಿಸಿತು. ಪ್ರತಿ ಕೊಡಬೇಕಾದರೆ ಹೆಸರು, ಊರು ಕೇಳಬೇಕು. ಕೇಳಬೇಕಾದರೆ ಹತ್ತಿರ ಹೋಗಬೇಕು. ಮಾತಿಗೆ ನಿಂತ ಮೇಲೆ ಕದ್ದು ತೆಗೆಯುವ ಮಾತೇ ಇಲ್ಲ. ಕೊಡಲೆಂದು ಮರಳಿ ಹೋಗಬೇಕಾದ್ದರಿಂದ ಹೊಸ ಹೊಸ ಸ್ಥಳಗಳ ಬೆನ್ನು ಹತ್ತುವುದು ನಿಂತಿತು. ಅದೇ ಊರು, ಅದೇ ಮಗ್ಗ, ಅದೇ ಕಮ್ಮಾರನ ಕುಲುಮೆಗೆ ಹತ್ತು ಸಲ ಹೋಗಲಾರಂಭಿಸಿದೆ. ಸಂಬಳ ಸಣ್ಣದಾದ್ದರಿಂದ ಹೆಚ್ಚು ಪ್ರತಿ ಮಾಡಿಸಲಾಗದು, ಹೆಚ್ಚು ತೆಗೆಯುವಂತೆಯೂ ಇಲ್ಲ. ಚಿತ್ರ ನೋಡುವ ಮೊದಲ ಕಣ್ಣು ಯಾವ ತೀರ್ಪುಗಾರನದೂ ಅಲ್ಲ, ಚಿತ್ರದಲ್ಲಿದ್ದವರದೇ. ಹೀಗಾಗಿ ಮುಖ ಮತ್ತು ಕೆಲಸ ಎರಡೂ ಒಂದೇ ಚೌಕಟ್ಟಿನೊಳಗೆ ಬಂದವು. ಮಗ್ಗದ ಹಿಂದೆ ನೇಕಾರ, ಕುಲುಮೆಯ ಬೆಳಕಿನಲ್ಲಿ ಕಮ್ಮಾರ, ಬುಟ್ಟಿಯ ಪಕ್ಕ ರೊಟ್ಟಿಯ ತಾಯಿ, ಎಲ್ಲರೂ ನನ್ನನ್ನು ನೋಡುತ್ತಿರುವಂತೆ. ನಾಲ್ಕೈದು ವರ್ಷಗಳ ಬಳಿಕ ಚಿತ್ರಕಲೆಯ ಗೆಳೆಯರು, "ನಿಮ್ಮ ಚಿತ್ರಾನ ಹೆಸರಿಲ್ಲದಿದ್ರೂ ಗುರುತು ಹಿಡಿಬಹುದು ನೋಡ್ರಿ ಈಗ" ಎಂದರು. ಶೈಲಿಯನ್ನು ಹುಡುಕುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಕ್ಯಾಮರಾ ಹಿಡಿಯುವಾಗ ಮಸೂರದ ಭಾರ ಎಡಗೈಯ ಅಂಗೈಯ ಮೇಲಿರಬೇಕು, ಮೊಣಕೈ ಎದೆಗೆ ಆತುಕೊಂಡಿರಬೇಕು, ಉಸಿರು ಅಲುಗಬಾರದು. ಚಿಕ್ಕಂದಿನಲ್ಲಿ ಅಪ್ಪ ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ದೃಷ್ಟಿ ಕದಲದಂತೆ ಕುಳಿತುಕೊಳ್ಳುವುದನ್ನು ಕಲಿಸಿದ್ದು ನೆನಪಾಗುತ್ತದೆ. ಪೂಜೆಗೂ ಹವ್ಯಾಸಕ್ಕೂ ಹೋಲಿಕೆ ಮಾಡುವ ಉದ್ಧಟತನ ನನ್ನದಲ್ಲ. ನೋಡುವುದನ್ನು ನಾನು ಮೊದಲು ಕಲಿತದ್ದು ಆ ಮಣೆಯ ಮೇಲೆ ಎಂಬುದನ್ನಷ್ಟೇ ಹೇಳುತ್ತಿದ್ದೇನೆ. ಆದ್ದರಿಂದಲೇ ಕೂಡಲಸಂಗಮಕ್ಕೆ ಹೋದಾಗ ನಾನು ಕ್ಯಾಮರಾವನ್ನು ಬಹುತೇಕ ಚೀಲದಿಂದ ಹೊರತೆಗೆಯುವುದಿಲ್ಲ. ಹಿನ್ನೀರಿನ ನಡುವಿನ ಬಾವಿಯಂತಹ ಆವರಣದಲ್ಲಿ ಮೆಟ್ಟಿಲಿಳಿದು ಬಸವಣ್ಣನವರ ಐಕ್ಯಸ್ಥಳದ ಮುಂದೆ ಕಣ್ಣುಮುಚ್ಚಿ ನಿಂತವರ ಮುಖಗಳಲ್ಲಿ ಎಂತಹ ಚಿತ್ರಗಳಿವೆಯೆಂಬುದು ನನಗೆ ಗೊತ್ತು. ಆದರೆ ಆ ಗಳಿಗೆ ಅವರದು. ಅವರಿಗೆ ಅದನ್ನು ಮರಳಿಸುವ ಬಗೆ ನನಗೆ ತಿಳಿಯದು, ಆದ್ದರಿಂದ ತೆಗೆಯುವುದೂ ಇಲ್ಲ.

ನಿಯಮದ ನಿಜವಾದ ಬೆಲೆ ತಿಳಿದದ್ದು ನಮ್ಮ ಊರೇ ನೀರಿಗೆ ಸಂದಾಗ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಏರಲಿರುವುದರಿಂದ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳ ಜನ ಮನೆ ತೊರೆದು ನವನಗರಕ್ಕೆ ಹೋಗಬೇಕಾಯಿತು. ಜನರು ಬಾಗಿಲು, ತೊಲೆ, ಕಂಬಗಳನ್ನು ಕಿತ್ತು ಗಾಡಿಗೆ ಹೇರುತ್ತಿದ್ದರು. ಹತ್ತು ವರ್ಷ ಹಿಂದಿನ ನಾನಾಗಿದ್ದರೆ ಬಿರುಕುಬಿಟ್ಟ ಗೋಡೆಯ ಮೇಲಿನ ಬೆಳಕು-ನೆರಳು, ಒಂಟಿ ಕಿಟಕಿ, ಮುರಿದ ಹೊಸ್ತಿಲು ಎಂದು ಬಿಡಿಭಾಗಗಳನ್ನು ಆರಿಸುತ್ತಿದ್ದೆನೇನೊ. ಆದರೆ ಅಷ್ಟರಲ್ಲಿ ರೊಟ್ಟಿಯ ಅವ್ವ ನನ್ನನ್ನು ತಿದ್ದಿದ್ದಳು. ರಜೆ ಹಾಕಿ ಓಣಿ ಓಣಿ ತಿರುಗಿದೆ. ಪ್ರತಿ ಮನೆಯ ಮುಂದೆ ಆ ಮನೆಯವರನ್ನೆಲ್ಲ ಕಟ್ಟೆಯ ಮೇಲೆ ಕುಳ್ಳಿರಿಸಿ, ಬಾಗಿಲು ಚೌಕಟ್ಟು ಸಮೇತ, ಪೂರ್ತಿ ಮನೆ ಕಾಣುವಂತೆ ಒಂದೊಂದೇ ಚಿತ್ರ ತೆಗೆದೆ. ಕಲೆಯ ದೃಷ್ಟಿಯಿಂದ ಅವುಗಳಲ್ಲಿ ಯಾವ ಚಮತ್ಕಾರವೂ ಇಲ್ಲ. ನಮ್ಮ ಮನೆಯವರು ರಾತ್ರಿಯೆಲ್ಲ ನನ್ನೊಡನೆ ಕುಳಿತು ಪ್ರತಿಗಳ ಹಿಂದೆ ಹೆಸರು, ಓಣಿ ಬರೆದರು. ಕೆಲವು ಪ್ರತಿಗಳನ್ನು ಮುಟ್ಟಿಸುವುದರೊಳಗೆ ಮನೆಯವರು ಬೇರೆಡೆಗೆ ಹೋಗಿದ್ದರು. ವಿಳಾಸ ಹುಡುಕಿ ಕೊಡಲು ವರ್ಷಗಳೇ ಹಿಡಿದವು. ಇಂದಿಗೂ ಒಮ್ಮೊಮ್ಮೆ ಯಾರಾದರೂ ಹಿರಿಯರು ಬಾಗಿಲಿಗೆ ಬಂದು, "ನಮ್ಮ ಮನಿ ಫೋಟೋ ನಿಮ್ಮ ಹತ್ರ ಐತಂತಲ್ರೀ" ಎನ್ನುತ್ತಾರೆ. ಚಿತ್ರ ನೋಡಿ ಒಬ್ಬ ಅಜ್ಜ ಹೊಸ್ತಿಲಿದ್ದ ಜಾಗದ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು.

ಇಷ್ಟಕ್ಕೇ ಮುಗಿಸಿದ್ದರೆ ಈ ಲೇಖನ ನನ್ನ ಒಳ್ಳೆಯತನದ ಕಥೆಯಾಗುತ್ತಿತ್ತು. ಆದರೆ ಅವ್ವನ ಪಾಠದಲ್ಲಿ ಇನ್ನೂ ಒಂದು ಪುಟ ಉಳಿದಿತ್ತು.

ರೊಟ್ಟಿಯ ಅವ್ವ ಲಿಂಗೈಕ್ಯಳಾದ ಸುದ್ದಿ ನನಗೆ ತಿಳಿದದ್ದು ತಡವಾಗಿ. ಆಕೆಯ ಊರಿಗೆ ಹೋದೆ. ಪಡಸಾಲೆಯ ಗೋಡೆಯ ಮೇಲೆ ನಾನು ಕೊಟ್ಟ ಚಿತ್ರಕ್ಕೆ ಕಟ್ಟು ಹಾಕಿಸಿ, ವಿಭೂತಿ ಹಚ್ಚಿ, ಹೂ ಏರಿಸಿದ್ದರು. ಕಂಬಸಾಲಿನ ಮೆತ್ತನೆಯ ಬೆಳಕಿನಲ್ಲಿ ಆಕೆ ಈಗಲೂ ನೇರ ನೋಡುತ್ತಿದ್ದಳು. ಅಂದು ರೊಟ್ಟಿ ಹಿಡಿದು ನಿಂತಿದ್ದ ಮೊಮ್ಮಗಳು ಈಗ ಎರಡು ಮಕ್ಕಳ ತಾಯಿ. ಮಾತಿನ ನಡುವೆ ಹಳೆಯ ಕಥೆಯನ್ನೆಲ್ಲ ಹೇಳಿ, ಅಜ್ಜಿ ಒಲ್ಲೆನೆಂದು ಮರಳಿಸಿದ್ದ ಆ ಬಹುಮಾನದ ಚಿತ್ರವನ್ನು ಚೀಲದಿಂದ ತೆಗೆದು ತೋರಿಸಿದೆ. ಆಕೆ ಅದನ್ನು ಕೈಗೆ ತೆಗೆದುಕೊಂಡವಳೇ ಬಲಗೈಯ ಹೆಬ್ಬೆರಳ ಬುಡದಲ್ಲಿದ್ದ ಒಂದು ಚಿಕ್ಕ ಕಲೆಯನ್ನು ತೋರಿಸಿದಳು.

"ಇದು ಹಂಚು ಸುಟ್ಟ ಕಲಿ ರೀ. ಅಮ್ಮನ ಕೈ ಇದು. ಈ ಕೈಲೇ ನನಗ ಉಣಸಿದ್ಲು" ಎಂದವಳ ಕಣ್ಣು ತುಂಬಿ ಬಂದಿತು. "ಮಾರಿ ಗ್ವಾಡಿ ಮ್ಯಾಲೆ ದಿನಾ ನೋಡ್ತೀವಿ. ಕೈ ಮರ್ತ ಹೋಗಿತ್ತು. ಇದನ್ನ ನನಗ ಕೊಡ್ತೀರೇನು?"

ಮೂವತ್ತು ವರ್ಷ ನಾನು ನಾಚಿಕೆಯಿಂದ ಮುಚ್ಚಿಟ್ಟಿದ್ದ ಚಿತ್ರವದು. ಆ ಕಲೆಯನ್ನು ನಾನು ಒಮ್ಮೆಯೂ ಗಮನಿಸಿರಲಿಲ್ಲ. ಬೆಳಕಿನ ಗೆರೆಯನ್ನು ನೋಡಿದ್ದೆ, ಸುಕ್ಕುಗಳನ್ನು ಎಣಿಸಿದ್ದೆ, ಆದರೆ ಆ ಕೈ ಯಾರದೆಂದು ಗುರುತಿಸುವಷ್ಟು ಪರಿಚಯ ನನಗಿರಲಿಲ್ಲ. ಕತ್ತರಿಸಿದ ಚಿತ್ರ ತಪ್ಪಾಗಿರಲಿಲ್ಲ, ಪರಿಚಯವಿಲ್ಲದೆ ಕತ್ತರಿಸಿದ್ದು ತಪ್ಪಾಗಿತ್ತು. ಮೊದಲು ಮುಖದ ಪರಿಚಯ, ಆಮೇಲೆ ಕೈಯ ಚಿತ್ರ. ಈ ಕ್ರಮವನ್ನು ನಾನು ಹಿಂದುಮುಂದಾಗಿ ಕಲಿತೆ.

ಚಿತ್ರವನ್ನು ಅಲ್ಲಿಯೇ ಕೊಟ್ಟು ಬಂದೆ. ಈಗ ನನ್ನ ಬಳಿ ಅದರ ಪ್ರತಿಯಿಲ್ಲ, ನೆಗೆಟಿವ್ ಮಾತ್ರ ಡಬ್ಬಿಯಲ್ಲಿದೆ. ನಿವೃತ್ತನಾದ ಮೇಲೆ ಕತ್ತಲೆ ಕೋಣೆ ಮತ್ತೆ ಬಚ್ಚಲುಮನೆಯಾಗಿದೆ. ನನ್ನ ಕಿಸೆಯಲ್ಲಿಯೂ ಎಲ್ಲರಂತೆ ಮೊಬೈಲ್ ಫೋನು ಇದೆ. ಮೊಮ್ಮಕ್ಕಳು ಒಂದು ಜಾತ್ರೆಗೆ ಹೋದರೆ ಐನೂರು ಚಿತ್ರ ತೆಗೆದು ತರುತ್ತಾರೆ. ಅವರನ್ನು ನಾನು ಗದರಿಸುವುದಿಲ್ಲ. ಅಪ್ಪ ಅಂದು ನನ್ನನ್ನು ಕೇಳಿದ ಪ್ರಶ್ನೆಯನ್ನೇ ತುಸು ಬದಲಿಸಿ ಕೇಳುತ್ತೇನೆ: "ಇದರಾಗ ಎಷ್ಟು ಮಂದಿಗೆ ಅವರ ಫೋಟೋ ಕೊಟ್ಟು ಬಂದ್ರಿ?"

ಹೋದ ಬನದ ಹುಣ್ಣಿಮೆಗೆ ಹಿರಿಯ ಮೊಮ್ಮಗ ಮೂರು ಪ್ರತಿ ಅಚ್ಚು ಹಾಕಿಸಿ ತಂದು, ಕೊಡಲು ತನ್ನೊಡನೆ ಬಾ ಎಂದು ನನ್ನನ್ನು ಕರೆದೊಯ್ದ. ಗಿಡದ ನೆರಳಿನಲ್ಲಿ ಈಗ ಬೇರೆ ತಾಯಂದಿರು ಕುಳಿತಿದ್ದಾರೆ. ಚಿತ್ರ ನೋಡಿದ ಒಬ್ಬಾಕೆ, "ಛೊಲೋ ಬಂದೈತಿ ನೋಡೋ ತಮ್ಮಾ, ನನ್ನ ಮಾರಿ" ಎಂದು ನಗುತ್ತ ಅವನಿಗೆ ರೊಟ್ಟಿ ಹಚ್ಚಿಕೊಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ.